ಹುಳದ ಮನೆಗೆ ಬಂದ ಆಕಾಶನೌಕೆ

ಹೋದ ತಿಂಗಳು ಒಂದು ಭಾನುವಾರ ಸಂಜೆ ನನ್ನ ತಂಗಿಯ ಮನೆಯಲ್ಲಿ ಎಲ್ಲರೂ ಕಣ್ಣೀರು ಹಾಕಿದರು. ಯಾರೂ ಸತ್ತಿರಲಿಲ್ಲ. ಒಂದು ಬಾಗಿಲು ತೆರೆದಿರಲಿಲ್ಲ, ಅಷ್ಟೇ.

ಆ ಬಾಗಿಲು ಊರಲ್ಲೂ ಇರಲಿಲ್ಲ, ಭೂಮಿಯ ಮೇಲೂ ಇರಲಿಲ್ಲ. ಟೀವಿಯೊಳಗೆ, ನಕ್ಷತ್ರಗಳ ನಡುವೆ ಎಲ್ಲೋ ತೇಲಿಕೊಂಡು ಹೋಗುತ್ತಿದ್ದ ಒಂದು ಆಕಾಶನೌಕೆಯಲ್ಲಿತ್ತು.

ತಂಗಿ ಶಾರದಾಳನ್ನು ಕೊಟ್ಟಿರುವುದು ಮಡಕಶಿರದ ಹತ್ತಿರದ ಒಂದು ಹಳ್ಳಿಗೆ. (ಹೆಸರು ಬರೆದರೆ ಅವಳು ನನಗೆ ಇನ್ನೊಮ್ಮೆ ಮುದ್ದೆ ಇಕ್ಕುವುದಿಲ್ಲ.) ನಾನಿರುವ ರಾಯದುರ್ಗದಿಂದ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಸೇರುವಷ್ಟರಲ್ಲಿ ಸೊಂಟ ಸೊಟ್ಟಗಾಗುತ್ತದೆ. ಆದರೂ ಹೋಗಿದ್ದೆ. ಅವಳಿಗೆ ಮಂಡಿನೋವು, ನೆಟ್ಟಗೆ ನಿಲ್ಲಲಾಗುತ್ತಿಲ್ಲ ಎಂದು ಫೋನ್ ಬಂದಿತ್ತು.

ಅವರದು ರೇಷ್ಮೆ ಬೇಸಾಯ. ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಹುಳ ಸಾಕುವ ಉದ್ದನೆಯ ಕೊಠಡಿ. ಅದನ್ನು ಹುಳದ ಮನೆ ಎನ್ನುತ್ತಾರೆ. ಮನುಷ್ಯರ ಮನೆಗಿಂತ ಅದಕ್ಕೇ ಮರ್ಯಾದೆ ಹೆಚ್ಚು. ಶಾರದಾಳ ಗಂಡ ಮಡಕಶಿರದಲ್ಲಿ ಗೊಬ್ಬರದ ಅಂಗಡಿ ನೋಡಿಕೊಂಡು ಅಲ್ಲೇ ಇರುತ್ತಾನೆ. ತೋಟ ಮಗ ಮಂಜುನಾಥನದು. ಹುಳದ ಮನೆ ಅವನ ಹೆಂಡತಿ ಭಾಗ್ಯಳದು. ಇವರೆಲ್ಲರ ಮೇಲೆ ಅಧಿಕಾರ ಶಾರದಾಳ ಅತ್ತೆ ಗಂಗಮ್ಮನದು. ಮನೆಯವರಿಗೆಲ್ಲ ಆಕೆ ಅಜ್ಜಿ, ನನಗೂ ಅಜ್ಜಿಯೇ.

ಅಜ್ಜಿಗೆ ಆ ಆಕಾಶನೌಕೆಯ ಧಾರಾವಾಹಿ ಎಂದರೆ ಪ್ರಾಣ. ಅತ್ತೆ ಸೊಸೆ ಜಗಳದ ಸೀರಿಯಲ್ಲುಗಳನ್ನು ಕೈಬಿಟ್ಟು ಬಹಳ ದಿನವಾಯಿತಂತೆ. "ಅದೇ ಮೋರೆಗಳು, ಅದೇ ಒಡವೆಗಳು. ಇದಾದ್ರೆ ಆಕಾಸದಾಗೆ ಹಡಗು ಹೋಗ್ತೈತೆ, ನೋಡಾಕೆ ಚೆಂದ" ಎಂದರು. ಎಲ್ಲಿಯದೋ ಸರಣಿ, ಕನ್ನಡಕ್ಕೆ ಡಬ್ ಆಗಿದೆ. ತೆಲುಗಿನಲ್ಲೂ ಬರುತ್ತದೆ. ಅದು ಗಡಿಸೀಮೆ, ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ತೆಲುಗಿನದು ಓಡುತ್ತಿರುತ್ತದೆ. ಕರೆಂಟಿಗೆ ಮಾತ್ರ ಭಾಷಾಭೇದವಿಲ್ಲ, ಎರಡೂ ಮನೆಯಲ್ಲಿ ಒಟ್ಟಿಗೇ ಹೋಗುತ್ತದೆ.

ಕಥೆ ಇಷ್ಟು. ಭೂಮಿ ಹಾಳಾಗಿದೆ. ಅಳಿದುಳಿದ ಮನುಷ್ಯರು ಒಂದು ಊರಿನಷ್ಟು ದೊಡ್ಡ ನೌಕೆಯಲ್ಲಿ ತಲೆಮಾರುಗಳಿಂದ ಪ್ರಯಾಣ ಮಾಡುತ್ತಿದ್ದಾರೆ. ನೌಕೆಯ ನಡುವೆ ಒಂದು ಬೆಳೆಕೋಣೆ. ಎಲ್ಲರ ಅನ್ನ ಬೆಳೆಯುವುದು ಅಲ್ಲೇ. ಅದರ ಬಾಗಿಲಲ್ಲಿ ಒಂದು ಯಂತ್ರ. ಬೆರಳಿಟ್ಟರೆ ರಕ್ತ ನೋಡುತ್ತದೆ. ಮೇಲಂತಸ್ತಿನವರಿಗೆ ಹಸಿರು ಬೆಳಕು, ಒಳಗೆ ಬನ್ನಿ. ಕೆಳಂತಸ್ತಿನವರಿಗೆ ಕೆಂಪು ಬೆಳಕು, ಅಲ್ಲೇ ನಿಲ್ಲಿ. ಯಾಕೆಂದರೆ ಅವರ ಉಸಿರು ತಾಗಿದರೆ ಪೈರು ಸುಟ್ಟುಹೋಗುತ್ತದಂತೆ! ಗೊಬ್ಬರ ಹೊರುವವರು ಅವರು. ನೀರಿನ ಪೈಪು ರಿಪೇರಿ ಮಾಡುವವರು ಅವರು. ಬೆಳೆದದ್ದನ್ನು ಸುಲಿದು, ಹಸನು ಮಾಡಿ, ಮೇಲಕ್ಕೆ ಕಳಿಸುವವರೂ ಅವರೇ. ಹೊಸ್ತಿಲು ಮಾತ್ರ ದಾಟಬಾರದು.

ಶುರುವಿನಲ್ಲಿ ಒಂದು ಎಚ್ಚರಿಕೆಯ ಸಾಲು ಬರುತ್ತದೆ. ಈ ಕಥೆ ಕಾಲ್ಪನಿಕ, ಯಾವುದೇ ವ್ಯಕ್ತಿ, ಜಾತಿ, ಮತ, ಪ್ರದೇಶಕ್ಕೆ ಸಂಬಂಧಿಸಿದ್ದಲ್ಲ ಎಂದು. (ಗ್ರಹಕ್ಕೂ ಎಂದು ಸೇರಿಸುವುದನ್ನು ಮರೆತಿದ್ದಾರೆ. ನಾಳೆ ಶನಿಗ್ರಹದವರು ಕೋರ್ಟಿಗೆ ಹೋದರೆ?)

ನಾಯಕಿ ನೀಮಾ ಕೆಳಂತಸ್ತಿನ ಹುಡುಗಿ. ಅವತ್ತು ಕೊನೆಯ ಕಂತು. ಬೆಳೆಕೋಣೆಗೆ ರೋಗ ಬಿದ್ದಿದೆ, ಅದನ್ನು ವಾಸಿ ಮಾಡುವ ಉಪಾಯ ಇವಳಿಗೆ ಗೊತ್ತು, ಆದರೆ ಯಂತ್ರ ಕೆಂಪು ತೋರಿಸುತ್ತಿದೆ. ಬಾಗಿಲು ಬಡಿದು ಬಡಿದು ಅಳುತ್ತಾಳೆ. ಇಲ್ಲಿ ಶಾರದಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಂಜು ಮೂಗು ಸೀಟಿದ. ಪಕ್ಕದ ಮನೆಯಿಂದ "ಅಯ್ಯೋ ಪಾಪಂ" ಎಂದು ತೆಲುಗಿನ ಅಳು ಕೇಳಿಸಿತು. ಅಜ್ಜಿಯಂತೂ ನೌಕೆಯ ಕ್ಯಾಪ್ಟನ್‌ಗೆ ಶಾಪ ಹಾಕುತ್ತಿದ್ದರು. "ಇವ್ನ ಬಾಯಿಗ್ ಮಣ್ಣಾಕ! ಆ ಕೂಸು ಹೊಸ್ಲು ದಾಟಿದ್ರೆ ಇವ್ನ್ ಗಂಟೇನ್ ಹೋಗ್ತೈತೆ? ಎಲ್ರ ಮೈಯಾಗ್ ಹರಿಯೋದೂ ರಕ್ತಾನೇ ಅಲ್ವೇನೋ ಮುಟ್ಠಾಳ!"

ನನಗೆ ಎದೆಯುಬ್ಬಿ ಬಂತು. ನೋಡಿ, ಒಂದು ಒಳ್ಳೆಯ ಧಾರಾವಾಹಿ ಎಂಥ ಕೆಲಸ ಮಾಡುತ್ತದೆ! ನೂರು ಭಾಷಣ ಮಾಡಲಾಗದ್ದನ್ನು ಒಂದು ಆಕಾಶನೌಕೆ ಮಾಡಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಜಾಹೀರಾತು ಬಂತು. ಸ್ಯಾನಿಟರಿ ಪ್ಯಾಡ್‌ನದು. ಗೊತ್ತಲ್ಲ, ಒಂದು ಹುಡುಗಿ ಬಿಳಿ ಪ್ಯಾಂಟು ಹಾಕಿಕೊಂಡು ಕುಣಿಯುತ್ತಾಳೆ, ಯಾರೋ ನೀಲಿ ನೀರು ಸುರಿಯುತ್ತಾರೆ. ಮಂಜು ಹಾವು ಕಂಡವನಂತೆ ರಿಮೋಟಿಗೆ ಹಾರಿ ಚಾನೆಲ್ ಬದಲಿಸಿದ. ಕ್ರಿಕೆಟ್ ಬಂತು. ಎಲ್ಲರೂ ಬಹಳ ಶ್ರದ್ಧೆಯಿಂದ ಕ್ರಿಕೆಟ್ ನೋಡಿದರು, ಅಜ್ಜಿಯೂ ಕೂಡ.

ಮತ್ತೆ ನೌಕೆಗೆ ಬಂದೆವು. ಈಗ ಕ್ಲೈಮ್ಯಾಕ್ಸ್. ಒಬ್ಬ ಮುದುಕಿ ಓಡಿಬಂದು ಗುಟ್ಟು ಬಿಚ್ಚುತ್ತಾಳೆ. ನೀಮಾ ಕೆಳಂತಸ್ತಿನವಳೇ ಅಲ್ಲವಂತೆ! ಕ್ಯಾಪ್ಟನ್‌ನ ಸ್ವಂತ ಮಗಳಂತೆ, ಹುಟ್ಟಿದಾಗ ಅದಲುಬದಲಾಗಿದ್ದಳಂತೆ, ಯಂತ್ರಕ್ಕೆ ಯಾರೋ ಸುಳ್ಳು ಮಾಹಿತಿ ತುಂಬಿದ್ದರಂತೆ. ಯಂತ್ರ ಸರಿಮಾಡುತ್ತಾರೆ. ಹಸಿರು ಬೆಳಕು. ಬಾಗಿಲು ತೆರೆಯುತ್ತದೆ. ಸಂಗೀತ. ಚಪ್ಪಾಳೆ. ಶುಭಂ.

ನನ್ನ ತಲೆ ಕೆಟ್ಟುಹೋಯಿತು.

"ಏನ್ ಅನ್ಯಾಯ ಇದು! ಅಲ್ಲ, ಆಕಿ ಕ್ಯಾಪ್ಟನ್ ಮಗಳಲ್ಲದಿದ್ರ? ಆಗ ಕೆಂಪು ದೀಪ ಸರಿ ಇತ್ತೇನು?" ಎಂದು ಕೂಗಾಡಿದೆ.

"ದೊಡ್ಡಮ್ಮ, ಎಂಟರ್ಟೇನ್ಮೆಂಟ್ ಕಣ್ ದೊಡ್ಡಮ್ಮ. ಬಿಪಿ ಏರಿಸ್ಕೋಬೇಡ" ಎಂದ ಮಂಜು.

ನಾನು ಬಿಡುವವಳಲ್ಲ. ಈ ಧಾರಾವಾಹಿಗಳನ್ನು ಇಷ್ಟಪಟ್ಟು ನೋಡುವವಳು ನಾನು. ಮನೆಯಲ್ಲಿ ನಮ್ಮ ಯಜಮಾನರು ವಾರ್ತೆ ಹಾಕಿದರೆ ಎದ್ದು ಹೋಗುವ ನಾನು ರೋಬೋಟು, ರಾಕೆಟ್ಟು ಬಂದರೆ ಕೂತುಬಿಡುತ್ತೇನೆ. ಯಾಕೆಂದರೆ ವಾರ್ತೆಯಲ್ಲಿ ಹೇಳದ್ದನ್ನು ಅಲ್ಲಿ ಹೇಳುತ್ತಾರೆ. ನೀರಿಗೆ ಬೀಗ ಹಾಕಿದ ಕಂಪನಿ, ಗೋಡೆಯಾಚೆ ತಳ್ಳಿದ ನಿರಾಶ್ರಿತರು, ಯಾರು ಒಳ್ಳೆಯ ಪ್ರಜೆ ಎಂದು ತೀರ್ಪು ಕೊಡುವ ಕಂಪ್ಯೂಟರು. ಎಲ್ಲ ಇವತ್ತಿನದೇ. ನೇರವಾಗಿ ಹೇಳಿದರೆ ಕಲ್ಲು ಬೀಳುತ್ತದೆಂದು ಮೂರು ಸಾವಿರನೇ ಇಸವಿಗೆ ಕಳಿಸಿ ಹೇಳುತ್ತಾರೆ. ತಪ್ಪಿಲ್ಲ. ಅದೂ ಒಂದು ಜಾಣತನವೇ.

ಆದರೆ ಅಷ್ಟು ದೂರ ಹೋದವರು ಅಲ್ಲಿ ಏನು ಮಾಡುತ್ತಾರೆ? ಒಬ್ಬ ಬೋಳುತಲೆಯ ಖಳನನ್ನು ಕೊಂದು ಇಡೀ ಗ್ರಹದ ಸಮಸ್ಯೆ ಮುಗಿಸುತ್ತಾರೆ. ಅವನ ಮಾತು ಕೇಳಿ ಅಷ್ಟು ವರ್ಷ ಬಾಗಿಲು ಕಾದವರು, ಕಂಡೂ ಕಾಣದಂತೆ ಉಂಡು ಮಲಗಿದವರು ಕಡೆಯ ಸೀನಿನಲ್ಲಿ ಹೂವು ಎರಚುತ್ತಾರೆ. ಇಲ್ಲವೇ ತುಳಿಸಿಕೊಂಡವಳನ್ನು ರಾಜಕುಮಾರಿ ಮಾಡುತ್ತಾರೆ. ತುಳಿಯುವುದೇ ತಪ್ಪು ಎನ್ನುವುದಿಲ್ಲ, ಇವಳನ್ನು ತುಳಿದದ್ದು ತಪ್ಪು ಎನ್ನುತ್ತಾರೆ. ಕೋಟಿಗಟ್ಟಲೆ ಸುರಿದು, ಗ್ರಾಫಿಕ್ಸ್ ಮಾಡಿ, ಕೊನೆಗೆ ಹೇಳುವುದು ಯಂತ್ರ ಕೆಟ್ಟಿತ್ತು, ರಿಪೇರಿಯಾಯಿತು, ಮನೆಗೆ ಹೋಗಿ ಎಂದು! ಅದಕ್ಕೆ ನಾವು ಕಣ್ಣೀರಿನ ಕಂದಾಯ ಬೇರೆ ಕಟ್ಟಬೇಕು.

ಇಷ್ಟನ್ನೂ ಆ ಪಡಸಾಲೆಯಲ್ಲಿ ಭಾಷಣ ಮಾಡಿದೆ. ಅಜ್ಜಿ ತೂಕಡಿಸುತ್ತಿದ್ದರು. ಶಾರದಾ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕೇಳಿಸಿಕೊಂಡವಳು ಭಾಗ್ಯ ಒಬ್ಬಳೇ. ಹುಳಕ್ಕೆ ಸೊಪ್ಪು ಹಾಕಿ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. "ಆ ದೀಪ ಕೆಂಪಾಗೇ ಇದ್ದಿದ್ರೆ ಅವ್ಳೇನ್ ಮಾಡ್ಬೋದಾಗಿತ್ತು ದೊಡ್ಡಮ್ಮ?" ಎಂದು ಕೇಳಿದಳು.

ಬೈಯುವುದು ಸುಲಭ, ಕಥೆ ಕಟ್ಟುವುದು ಕಷ್ಟ. "ನೋಡ್ಬೇಕಮ್ಮ" ಎಂದು ಜಾರಿಕೊಂಡೆ.

ಬೆಳಗ್ಗೆ ಎದ್ದಾಗ ಮನೆಯಲ್ಲಿ ಸೂತಕದ ಕಳೆ.

ಹುಳಕ್ಕೆ ರೋಗ ಬಿದ್ದಿತ್ತು. ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಗೂಡು ಕಟ್ಟುವ ತನಕ ಬಕಾಸುರನ ಹಾಗೆ ತಿನ್ನುತ್ತದೆ. ಅಲ್ಲಿಯವರೆಗೂ ಚೆನ್ನಾಗಿದ್ದ ಬೆಳೆ, ಸರಿಯಾಗಿ ಆ ಹೊತ್ತಿಗೆ ಕೈಕೊಟ್ಟಿತ್ತು. ಹುಳ ಸಾಕುವ ಬಿದಿರು ತಟ್ಟೆಗಳ ಒಂದು ಸಾಲಿನಲ್ಲಿ ಹುಳಗಳು ಊದಿಕೊಂಡು, ಹಳದಿಯಾಗಿ, ಅಂಚಿನ ಮೇಲೆ ಗೊತ್ತುಗುರಿಯಿಲ್ಲದೆ ಹರಿದಾಡುತ್ತಿದ್ದವು. ಮುಟ್ಟಿದರೆ ಹಾಲಿನಂಥ ನೀರು. ಹಾಲುತೊಂಡೆ ರೋಗ ಎಂದಳು ಶಾರದಾ.

ಭಾಗ್ಯ ಕೆಟ್ಟ ಹುಳ ಆರಿಸಿ ಸುಣ್ಣದ ಗುಂಡಿಗೆ ಹಾಕುತ್ತಿದ್ದಳು. ಅಜ್ಜಿ ಅಂಗಳದಿಂದಲೇ ಕೂಗಿ ಕರೆದರು. ಅವಳು ಬಂದಳು. ನಾವೆಲ್ಲ ಅಲ್ಲೇ ಇದ್ದೆವು.

"ಹೋದ್ ವಾರ ನೀನು ಹೊರಗಾಗಿದ್ದಲ್ಲ. ಮಂಜ ಆ ಮೂರ್ ದಿನಾನೂ ಹಿಂದೂಪುರದಾಗಿದ್ದ. ಶಾರದಂಗೆ ಕಾಲೂರಾಕಾಗಲ್ಲ. ಹುಳಕ್ಕೆ ಸೊಪ್ಪಾಕಿದ್ದು ಯಾರು?"

ರೇಷ್ಮೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮುಟ್ಟಾದ ಹೆಂಗಸು ಹುಳದ ಮನೆಗೆ ಕಾಲಿಡುವಂತಿಲ್ಲ. ಅವಳ ನೆರಳು ಬಿದ್ದರೆ ಹುಳಕ್ಕೆ ರೋಗ ಎಂಬುದು ಆ ಮನೆಯ ನಂಬಿಕೆ. ಹೊರಗಿನವರು ನುಗ್ಗಬಾರದು, ಕೈ ತೊಳೆಯಬೇಕು, ಸುಣ್ಣ ತುಳಿದು ಒಳಗೆ ಹೋಗಬೇಕು. ಇದೆಲ್ಲ ಸರಿ, ಒಪ್ಪಿದೆ, ರೋಗ ಬರದಿರಲು ಮಾಡಿದ್ದು. ಆ ಸಾಲಿನಲ್ಲಿ ಹೆಂಗಸಿನ ಮೂರು ದಿನವನ್ನು ಯಾರು ತಂದು ಸೇರಿಸಿದರೋ! ಒಂದು ಬೆಳೆ ಮುಗಿಯಲು ಹೆಚ್ಚುಕಡಿಮೆ ಒಂದು ತಿಂಗಳು. ಅಂದಮೇಲೆ ಆ ಮೂರು ದಿನ ಬಾರದ ಬೆಳೆ ಇದೆಯೇ?

ಅಜ್ಜಿ ಅಷ್ಟಕ್ಕೇ ನಿಲ್ಲಲಿಲ್ಲ. ದೇವರ ಗೂಡಿನ ಮುಂದೆ ಕರ್ಪೂರ ಹಚ್ಚಿಸಿದರು. "ಒಳಗೆ ಹೋಗಿರ್ಲಿಲ್ಲ ಅಂತ ಇದನ್ ಮುಟ್ಟಿ ಆಣೆ ಮಾಡು. ಮಾಡಾಕಾಗಲ್ಲ ಅಂದ್ರೆ ನಿಮ್ಮಮ್ಮನ್ ಮನೆಗೆ ನಡಿ. ಹುಳದ್ ಮನೆ ಇನ್ಮ್ಯಾಕೆ ನಿಂದಲ್ಲ."

ಹಿಂದಿನ ಸಂಜೆ ಆಕಾಶನೌಕೆಯ ಕ್ಯಾಪ್ಟನ್‌ಗೆ ಮಣ್ಣು ಹಾಕಿದ ಬಾಯಿ ಅದು! ಎಲ್ಲರ ಮೈಯಲ್ಲೂ ಹರಿಯುವುದು ರಕ್ತ ಎಂದ ಬಾಯಿ! ನನಗೆ ಮೈ ಉರಿದುಹೋಯಿತು. ಭಾಗ್ಯ ಆ ಮನೆಗೆ ಬಂದು ಬಹಳ ದಿನವಾಗಿಲ್ಲ. ಅಡುಗೆಮನೆ ಅತ್ತೆಯದು, ಪಡಸಾಲೆ ಅಜ್ಜಿಯದು, ತೋಟ ಗಂಡನದು. ಇದು ನನ್ನದು ಎಂದು ಅವಳು ಹೇಳಿಕೊಳ್ಳುವಂಥದ್ದು ಅಲ್ಲಿ ಹುಳದ ಮನೆಯೊಂದೇ. ಒಳಗೆ ಹೋದಾಗ ಅವಳ ನಡಿಗೆಯೇ ಬೇರೆಯಾಗುತ್ತದೆ, ನಾನೇ ಕಂಡಿದ್ದೇನೆ. ಅದನ್ನೇ ಕಸಿಯಲು ಹೊರಟಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಮಂಜು ಎದ್ದ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ, ಸುಳ್ಳಲ್ಲ. "ಅಜ್ಜಿ, ನನ್ ಹೆಂಡ್ತಿ ಅಂಥೋಳಲ್ಲ. ಅವ್ಳು ಹೊಸ್ಲು ತುಳಿದಿಲ್ಲ. ಬೇಕಾದ್ರೆ ನಾನೇ ಆಣೆ ಮಾಡ್ತೀನಿ" ಎಂದ.

ಶಾರದಾ ನಿಟ್ಟುಸಿರು ಬಿಟ್ಟಳು. ಅಜ್ಜಿಯ ಮುಖವೂ ಸಡಿಲವಾಯಿತು. ಭಾಗ್ಯ ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸೊಸೆ ಶುದ್ಧ, ಕಥೆ ಸುಖಾಂತ. ಚಪ್ಪಾಳೆ.

ಅವಳು ಹೂಂ ಎನ್ನಲಿಲ್ಲ.

"ಹೋಗಿದ್ದೆ" ಎಂದಳು. "ಮೂರ್ ದಿನಾನೂ ಹೋಗಿದ್ದೆ. ಹುಳ ಹಸ್ಕೊಂಡಿದ್ವು, ಸೊಪ್ಪಾಕೋರು ಯಾರೂ ಇರ್ಲಿಲ್ಲ. ಹೋದ್ ಬೆಳೇಲೂ ಹೋಗಿದ್ದೆ ಅಜ್ಜಿ. ಬೆಳ್ಳಗೆ, ಗಟ್ಟಿಗೆ ಗೂಡ್ ಬಂತಲ್ಲ, ಊರಿಗೆಲ್ಲ ತೋರಿಸ್ಕೊಂಡ್ ಬಂದ್ರಲ್ಲ, ಆ ಬೆಳೆ. ಅದಕ್ ಮುಂಚಿಂದಕ್ಕೂ ಹೋಗಿದ್ದೆ."

ಕರ್ಪೂರ ತಾನಾಗಿಯೇ ಆರಿತು.

"ರೋಗ ಯಾಕ್ ಬಂತು ಅಂತ ನಾನ್ ಹೇಳ್ಲಾ? ಈ ಸಲ ತಟ್ಟೆ ಸಾಲಲ್ಲ ಅಂತ ಇವ್ರು ಪಕ್ಕದ್ ಮನೆಯಿಂದ ತಂದ್ರು. ಅವ್ರಿಗೆ ಹೋದ್ ಬೆಳೆ ಪೂರಾ ಇದೇ ರೋಗಕ್ಕೆ ಹೋಗಿತ್ತು. ಬ್ಲೀಚಿಂಗ್ ನೀರಾಗೆ ಅದ್ದಿ ಬಿಸ್ಲಿಗಿಡ್ರಿ ಅಂದೆ. ಇಟ್ಟಿದೀನಿ ಅಂದ್ರು. ಇಟ್ಟಿರ್ಲಿಲ್ಲ. ಕಾಯಿಲೆ ಬಂದಿರೋದು ಆ ತಟ್ಟೆಗಳಿಗಷ್ಟೇ, ಹೋಗ್ ನೋಡ್ರಿ."

ಎಲ್ಲರೂ ಮಂಜುವಿನ ಕಡೆ ನೋಡಿದೆವು. ಅವನು ಸೂರಿನ ಕಡೆ ನೋಡಿದ. "ಅವತ್ತು ಟೈಮಿರ್ಲಿಲ್ಲ" ಎಂದು ಗೊಣಗಿದ. ಅವನಿಗೆ ಯಾರಾದರೂ ಕರ್ಪೂರ ಹಚ್ಚಿದರೇ? ತವರಿಗೆ ನಡಿ ಎಂದರೇ? (ಎನ್ನುವುದಾದರೂ ಎಲ್ಲಿಗೆ? ಅವನಿರುವುದೇ ಅವನ ತವರಿನಲ್ಲಿ.) ಅಜ್ಜಿ ಹೇಳಿದ್ದು ಇಷ್ಟೇ. "ಅದೆಲ್ಲಾ ಇರ್ಲಿ. ಒಳಗೆ ಹೋಗಿದ್ದು ಒಪ್ಕೊಂಡ್ಳಲ್ಲ. ಇನ್ನ ಆ ಬಾಗ್ಲು ಮುಟ್ಬಾರ್ದು."

ನೋಡಿ, ಕಾರಣ ಸಿಕ್ಕಿದೆ, ತಪ್ಪು ಮಾಡಿದವನು ಕಣ್ಣೆದುರೇ ನಿಂತಿದ್ದಾನೆ, ಹಾಳಾದ ಸಾಲು ಸಾಕ್ಷಿ ಹೇಳುತ್ತಿದೆ. ಆದರೂ ಶಿಕ್ಷೆ ಮಾತ್ರ ಅವಳಿಗೇ. ಎಲ್ಲಿಂದ ಬರುತ್ತದೆ ಇಂಥ ನ್ಯಾಯ? ನಾನು ಜೋರು ಮಾಡಿದೆ. "ಅಲ್ಲರಿ ಅಜ್ಜಿ, ನಿನ್ನೆ ಆ ಟೀವಿ ಹುಡುಗಿಗೆ ಅತ್ತೋರು ನೀವಲ್ಲೇನ್ರಿ?" ಎಂದೆ.

ಅಜ್ಜಿ ನಿಜವಾಗಿಯೂ ಆಶ್ಚರ್ಯದಿಂದ ನನ್ನ ಮುಖ ನೋಡಿದರು. "ಅದಕ್ಕೂ ಇದಕ್ಕೂ ಏನ್ ಸಂಬಂಧ ಕಣಮ್ಮ? ಅದು ಆಕಾಸದಾಗೆ ನಡೆದಿದ್ದು."

ಸುಳ್ಳು ಹೇಳುತ್ತಿರಲಿಲ್ಲ ಆಕೆ. ಸಂಬಂಧ ಕಾಣಿಸಿರಲೇ ಇಲ್ಲ. ಕಾಣಿಸದಂತೆಯೇ ತಾನೇ ಅದನ್ನು ತಯಾರು ಮಾಡಿರುವುದು! ಆಕಾಶಕ್ಕೆ ಅತ್ತು ಹಗುರಾದ ಮೇಲೆ ಅಂಗಳಕ್ಕೆ ಅಳಲು ಯಾರಿಗೆ ಕಣ್ಣೀರು ಉಳಿದಿರುತ್ತದೆ?

ಭಾಗ್ಯ ವಾದ ಮಾಡಲಿಲ್ಲ. ತವರಿಗೂ ಹೋಗಲಿಲ್ಲ. ಹೊರಗಿನ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು.

ಹುಳದ ಹೊಟ್ಟೆಗೆ ಜಗಳ ಗೊತ್ತಾಗುತ್ತದೆಯೇ? ಚೆನ್ನಾಗಿದ್ದ ಸಾಲುಗಳಲ್ಲಿ ಸೊಪ್ಪು ಮುಗಿಯಿತು. ಮಂಜು ತೋಟದಿಂದ ಹೊರೆ ತಂದು ಒಳಗೆ ಹೋದ. ಕೆಟ್ಟ ಹುಳ ಮುಟ್ಟಿದ ಕೈಯಲ್ಲೇ ಒಳ್ಳೆಯ ತಟ್ಟೆಗೆ ಕೈಹಾಕಿದನಂತೆ. ಶಾರದಾ ಕುಂಟುತ್ತಾ ಹೋಗಿ ಕಿರುಚಿದಳು. ಹೆಚ್ಚು ಹೊತ್ತು ನಿಲ್ಲಲಾಗದೆ ಅವಳೂ ಹೊರಗೆ ಬಂದಳು. ಹೊರೆ ಬಾಗಿಲಲ್ಲೇ ಬಾಡತೊಡಗಿತು. ಅಜ್ಜಿ ಪಡಸಾಲೆಯಿಂದ ಬಾಗಿಲಿಗೆ, ಬಾಗಿಲಿಂದ ಪಡಸಾಲೆಗೆ ಓಡಾಡಿದರು.

ಮಧ್ಯಾಹ್ನದ ಹೊತ್ತಿಗೆ ಮಂಜು ಕಲ್ಲಿನ ಹತ್ತಿರ ಬಂದ. "ಬಾರೆ, ಅಜ್ಜಿ ಏನೂ ಅನ್ನಲ್ಲ. ಈವತ್ತೇನ್ ನೀನು ಹೊರಗಿಲ್ಲವಲ್ಲ."

"ಯಾವತ್ತಾದ್ರೂ ಹೋಗ್ಬೋದು ಅಂದ್ರೆ ಬತ್ತೀನಿ."

"ಈಗ ಬಾ. ಆಮ್ಯಾಕೆ ನೋಡಾನ."

"ಆಮ್ಯಾಕೆ ಬ್ಯಾಡ. ಈಗ್ಲೇ ಹೇಳ್ಲಿ."

ಎಂಥ ಹುಡುಗಿ! ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ಹುಳಗಳಿಗೆ ಏನಾದರೂ ಆದರೆ ಆ ಪಾಪವೂ ಇವಳ ತಲೆಗೇ ಬರುತ್ತದಲ್ಲ! ಅವಳ ಕಣ್ಣೂ ಹುಳದ ಮನೆಯ ಬಾಗಿಲಲ್ಲೇ ಇತ್ತು. ಅವಳು ಸಾಕಿದ ಹುಳ ತಾನೇ?

ಕೊನೆಗೆ ಅಜ್ಜಿಯೇ ಬಂದರು. ಅವಳ ಮುಖ ನೋಡದೆ, ತೋಟದ ಕಡೆ ತಿರುಗಿಕೊಂಡು ಹೇಳಿದರು. "ಏಳು. ಹೋಗು. ಯಾವತ್ತಾನ ಹೋಗು. ನಾನಂತೂ ನೋಡಿಲ್ಲ."

ಭಾಗ್ಯ ಎದ್ದಳು. ಕೈ ತೊಳೆದಳು, ಸುಣ್ಣ ತುಳಿದಳು, ಒಳಗೆ ಹೋದಳು.

ಮೊನ್ನೆ ಶಾರದಾ ಫೋನ್ ಮಾಡಿದ್ದಳು. ಉಳಿದ ಹುಳ ಹಣ್ಣಾಗಿ ಗೂಡು ಕಟ್ಟಿವೆ, ಹಿಂದೂಪುರದ ಮಾರ್ಕೆಟ್ಟಿನಲ್ಲಿ ಮಾರಿಯೂ ಆಗಿದೆ. "ನಮ್ ಭಾಗ್ಯನ್ ಕೈಗುಣ" ಎಂದು ಅಜ್ಜಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರಂತೆ. ಸರಿ, ಹೊಸ ಬೆಳೆಯಲ್ಲಿ ಅವಳು ಎಲ್ಲ ದಿನವೂ ಒಳಗೆ ಹೋಗುತ್ತಾಳೆಯೇ ಎಂದು ಕೇಳಿದೆ.

"ಹೋಗ್ತಾಳಕ್ಕ. ನನಗೆ ಮೊದ್ಲಿಂದ್ಲೂ ಗೊತ್ತಿತ್ತು ಬಿಡು. ಅವಳು ಹೇಳೋದ್ ಬ್ಯಾಡ, ನಾವ್ ಕೇಳೋದ್ ಬ್ಯಾಡ ಅಂತ ಮಾಡ್ಕೊಂಡಿದೀವಿ. ಮನೆ ಮರ್ಯಾದೆನೂ ಉಳೀತು, ಹುಳಾನೂ ಉಳೀತು."

ಗೊತ್ತಿತ್ತಂತೆ! ಕರ್ಪೂರ ಉರಿಯುತ್ತಿದ್ದಾಗಲೂ ಗೊತ್ತಿತ್ತಂತೆ! ಒಡಹುಟ್ಟಿದವಳೆಂದು ನೋಡದೆ ಬೈದುಬಿಟ್ಟೆ. ಕೆಲಸ ಬೇಕು, ಕೈ ಬೇಕು, ಕೈಗುಣ ಬೇಕು. ಆ ಕೈ ಇರುವ ಮೈಯ ಸುದ್ದಿ ಮಾತ್ರ ಬೇಡ. ಇದಕ್ಕೆ ಹೊಂದಾಣಿಕೆ ಎಂದು ಹೆಸರು. ನಾವೆಲ್ಲ ಬದುಕುತ್ತಿರುವುದೇ ಹೀಗೆ, ಬಾಯಿಗೆ ಬಟ್ಟೆ ತುರುಕಿಕೊಂಡು. ನಮ್ಮ ಯಜಮಾನರು ಪಕ್ಕದಲ್ಲಿ ಕೂತು, "ಯಾಕ ಇಷ್ಟು ಸಿಟ್ಟು? ಒಳಗ ಬಿಟ್ಟಾರಲ್ಲ, ಮುಗೀತಲ್ಲ" ಎಂದರು. ಅವರಿಗೂ ಒಂದಿಷ್ಟು ಬಿತ್ತು.

ಅಷ್ಟರಲ್ಲಿ ಭಾಗ್ಯ ಅತ್ತೆಯ ಕೈಯಿಂದ ಫೋನ್ ತೆಗೆದುಕೊಂಡಳು.

"ದೊಡ್ಡಮ್ಮ, ಅತ್ತೆ ಹಂಗ್ ಹೇಳ್ತಾವ್ರೆ ಅಷ್ಟೇ. ನಾನ್ ಒಪ್ಪಿಲ್ಲ. ಈ ಸಲ ಅಜ್ಜಿ ಎದುರ್ಗೇ ಹೇಳಿ ಒಳಗೋದೆ. ನಾನ್ ಇವತ್ ಮುಟ್ಟಾಗಿದೀನಿ, ಹುಳಕ್ಕೆ ಸೊಪ್ಪಾಕ್ಬುಟ್ ಬತ್ತೀನಿ ಅಂತ. ಇನ್ಮ್ಯಾಕೆ ಪ್ರತೀ ಸಲಾನೂ ಹೇಳೇ ಹೋಗಾದು."

"ಅಜ್ಜಿ ಏನಂದ್ರಮ್ಮ?"

"ಟೀವಿ ಸೌಂಡ್ ಜಾಸ್ತಿ ಮಾಡ್ಕೊಂಡ್ರು."

ಧಾರಾವಾಹಿ ಮಾಡುವ ಮಹನೀಯರೇ, ಇವಳ ಕಥೆ ತೋರಿಸಲು ರಾಕೆಟ್ಟು ಬೇಡ, ಮಡಕಶಿರದ ಬಸ್ಸು ಸಾಕು. ಹತ್ತುತ್ತೀರಾ?